ಸೂಜಿಯ ಕೆಳಗಿನ ಚೀಟಿ

ನಮ್ಮಪ್ಪನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಹೆತ್ತವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು ಎಂದು ನೆಂಟರು ಬುದ್ಧಿ ಹೇಳುತ್ತಾರೆ. ಹೇಳುವವರ ಗಂಟೇನು ಹೋಗುತ್ತದೆ!

ಶಿವಮೊಗ್ಗದಲ್ಲಿ ಎಂಎಸ್ಸಿ ಓದುವಾಗ ಕೀಟಗಳನ್ನು ಹಿಡಿದು, ಗುರುತಿಸಿ, ಕೆಡದಂತೆ ಇಡುವುದನ್ನು ಕಲಿತೆ. ದುರ್ಗಿಗುಡಿಯ ಬಾಡಿಗೆ ರೂಮಿನ ತಾರಸಿಯಲ್ಲಿ ರಾತ್ರಿ ಬಿಳಿ ಪಂಚೆಯನ್ನು ಪರದೆಯ ಹಾಗೆ ಕಟ್ಟಿ, ಬಲ್ಬು ಹಚ್ಚಿ, ಅದಕ್ಕೆ ಬಂದು ಕೂತ ಹುಳುಗಳನ್ನು ಬಾಟಲಿಗೆ ತುಂಬುತ್ತಿದ್ದೆ. ಭಾನುವಾರ ಆಯನೂರಿನ ಗದ್ದೆ ಬದುಗಳಲ್ಲಿ ಬಲೆ ಬೀಸುತ್ತಿದ್ದೆ. ಜೀರುಂಡೆಗೆ ಸೂಜಿ ಚುಚ್ಚುವುದು ನಡುಬೆನ್ನಿಗಲ್ಲ, ಬಲಗಡೆಯ ಗಟ್ಟಿ ರೆಕ್ಕೆಗೆ. ಅದು ಕೈಗೆ ಹತ್ತುವ ಹೊತ್ತಿಗೆ ಎಷ್ಟೋ ಜೀರುಂಡೆಗಳು ಹಾಳಾದವು. ಅದೇ ಸೂಜಿಗೆ ಹುಳದ ಕೆಳಗೆ ಒಂದು ಪುಟ್ಟ ಚೀಟಿ: ಹಿಡಿದ ಊರು, ದಿನ, ಹಿಡಿದವರ ಹೆಸರು. "ಚೀಟಿ ಇಲ್ದಿದ್ರೆ ಅದು ಬರೀ ಸತ್ತ ಹುಳ ಕಣಮ್ಮ," ಎನ್ನುತ್ತಿದ್ದರು ನಮ್ಮ ಮೇಡಂ. ಹುಳುಗಳನ್ನು ಜೋಡಿಸಿಟ್ಟ ನನ್ನ ಗಾಜಿನ ಪೆಟ್ಟಿಗೆ ಚೆನ್ನಾಗಿ ಬಂದರೆ ವಿಭಾಗದ ಬೀರುವಿನಲ್ಲಿ ಕಾಯಂ ಆಗಿ ಇಡುವುದಾಗಿಯೂ ಹೇಳಿದ್ದರು. ಮುಂದೆ ಯಾರೋ ಹುಡುಗಿ ಅದನ್ನು ತೆರೆದು ನನ್ನ ಹೆಸರು ಓದುತ್ತಾಳೆ. ನನಗೆ ಬೇಕಾಗಿದ್ದದ್ದು ಅಷ್ಟೇ.

ಭದ್ರಾವತಿಯ ನಮ್ಮ ಮನೆಯಲ್ಲಿ ಇದಕ್ಕೆ ಕವಡೆ ಕಾಸಿನ ಕಿಮ್ಮತ್ತಿರಲಿಲ್ಲ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತನಾದ ಅಪ್ಪ ನನ್ನ ಬಲೆ ಕಂಡಾಗಲೆಲ್ಲ, "ಏನ್ ಮಾರಾಯ್ತಿ, ಸೊಳ್ಳೆ ಹೊಡೆಯೋಕೆ ಎಂಎಸ್ಸಿ ಬೇಕಾ?" ಎಂದು ನಗುತ್ತಿದ್ದ.

ಆ ವರ್ಷ ನವರಾತ್ರಿಗೆ ಪೆಟ್ಟಿಗೆಯನ್ನೂ ಊರಿಗೆ ಒಯ್ದಿದ್ದೆ. ರಜೆ ಮುಗಿದ ಕೂಡಲೇ ಒಪ್ಪಿಸಬೇಕಿತ್ತು. ಆಯುಧಪೂಜೆ ನಮ್ಮಲ್ಲಿ ಅಪ್ಪನ ಹಬ್ಬ. ಕೆಲಸ ಬಿಟ್ಟ ಮೇಲೂ ಸ್ಪ್ಯಾನರು, ಸುತ್ತಿಗೆ, ಅಮ್ಮನ ಈಳಿಗೆಮಣೆ ಎಲ್ಲವನ್ನೂ ಒರೆಸಿ, ಎಣ್ಣೆ ಹಚ್ಚಿ, ಅಳತೆ ಪ್ರಕಾರ ಜೋಡಿಸಿ ಕುಂಕುಮ ಇಡುತ್ತಾನೆ. ನಾನೂ ಅಮ್ಮನೂ ಹೂ ತರಲು ಹೋಗಿ ಬರುವಷ್ಟರಲ್ಲಿ ನನ್ನ ಪೆಟ್ಟಿಗೆಯೂ ಆ ಸಾಲಿನಲ್ಲಿತ್ತು. ಗಾಜಿನ ಮೇಲೆ ಕುಂಕುಮ, ಒಂದು ಚೆಂಡುಹೂ. ಒಳಗೆ ಹುಳುಗಳೆಲ್ಲ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಂತಿದ್ದವು. ಒಂದರ ಕಾಲೂ ಮುರಿದಿರಲಿಲ್ಲ, ಅಷ್ಟು ನಾಜೂಕಿನ ಕೈ. ಸೂಜಿಗಳು ಫಳಫಳ ಹೊಳೆಯುತ್ತಿದ್ದವು. ಚೀಟಿ ಮಾತ್ರ ಒಂದೂ ಇರಲಿಲ್ಲ.

"ಅಪ್ಪಾ, ಚೀಟಿ ಎಲ್ಲಿ?"

"ಯಾವ್ ಚೀಟಿ? ಆ ಪ್ಯಾಕಿಂಗಾ? ಸೂಜಿ ತುಕ್ಕು ಹಿಡಿದಿತ್ತು, ಅದನ್ನೆಲ್ಲ ತೆಗೆದು ಒರೆಸ್ದೆ. ಇದು ನಿನ್ನ ಆಯುಧ ತಾನೇ?"

ಹುಳ ಜಾರದಿರಲೆಂದು ವಾಷರಿನ ಹಾಗೆ ಸಿಕ್ಕಿಸಿದ ಕಾಗದ ಎಂದುಕೊಂಡಿದ್ದನಂತೆ. ಇರುವೆ ತಲೆಯಷ್ಟು ಅಕ್ಷರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಒರೆಸಿದ ಚಿಂದಿಬಟ್ಟೆಯ ಜತೆ ಚೀಟಿಗಳು ಬಚ್ಚಲೊಲೆ ಸೇರಿದ್ದವು. ಒಂದು ದಿನವೂ ಹೊಗಳದ ಮನುಷ್ಯ ಅವತ್ತು ಮೊದಲ ಸಲ ನನ್ನ ಕೆಲಸಕ್ಕೆ ಕೈಮುಗಿದಿದ್ದ. ನಾನು ಬಾಯಿಗೆ ಬಂದಂತೆ ಬೈದೆ. "ಒಳ್ಳೇದಕ್ಕೆ ಕಾಲ ಇಲ್ಲ," ಎಂದು ಎದ್ದು ಹೋದ.

ನೆನಪಿನಿಂದ ಬರೆದು ಸಿಕ್ಕಿಸು ಎಂದರು ಗೆಳತಿಯರು. ಕೆಲವು ನೆನಪಿದ್ದವು, ಹಲವು ಇರಲಿಲ್ಲ. ಕೇಳಿದ್ದಕ್ಕೆ ಮೇಡಂ, "ಊಹೆ ಮಾಡಿ ಬರೆದ್ರೆ ಸುಳ್ಳು ಹೇಳಿದ ಹಾಗೇ," ಎಂದು ಪೆಟ್ಟಿಗೆಯನ್ನು ನನ್ನ ಕಡೆಗೇ ತಳ್ಳಿದರು. ಆ ವರ್ಷ ಬೀರುವಿಗೆ ಬೇರೆಯವಳ ಪೆಟ್ಟಿಗೆ ಹೋಯಿತು.

ನನ್ನದು ಈಗ ಭದ್ರಾವತಿ ಮನೆಯ ಗೋಡೆಯ ಮೇಲಿದೆ. ಮೊಳೆ ಹೊಡೆದವನು ಅಪ್ಪನೇ. ಬಂದವರಿಗೆಲ್ಲ ತೋರಿಸುತ್ತಾನೆ. ಕಳೆದ ಸಲ ನಾನು ಅಲ್ಲಿದ್ದಾಗ ಪಕ್ಕದ ಮನೆಯವರು ಒಂದು ಹಸಿರು ಜೀರುಂಡೆ ನೋಡಿ, "ಇದೆಲ್ಲಿ ಸಿಕ್ತು?" ಎಂದು ಕೇಳಿದರು.

"ಇಂಥದ್ದು ನಮ್ಮ ಕಡೆ ಎಲ್ಲಿ ಬರ್ಬೇಕು? ಯಾವ್ದೋ ದೊಡ್ಡ ಕಾಡಿಂದು," ಎಂದ ಅಪ್ಪ.

ಅದನ್ನು ನಾನು ಹಿಡಿದದ್ದು ನಮ್ಮ ಹಿತ್ತಲಿನ ಪೇರಲೆ ಮರದಲ್ಲಿ. ಅವತ್ತು ಬೈದುಕೊಂಡೇ ಕೊಂಬೆ ಬಗ್ಗಿಸಿ ಕೊಟ್ಟವನು ಅಪ್ಪನೇ. ಹಾಗೆಂದು ಹೇಳಿದೆ. ಇಬ್ಬರೂ ನಂಬಲಿಲ್ಲ.