ಕನ್ಸಾಸಿನ ಜೋಳ

ತೆಲಂಗಾಣದ ನಾರಾಯಣಪೇಟೆಯ ಈ ಬಾಡಿಗೆ ಕೋಣೆಯಲ್ಲಿ ಕೂತು ಮಕ್ಕಳಿಗಾಗಿ ಅಮೆರಿಕದ ರಾಜ್ಯಗಳ ಪುಸ್ತಕ ಬರೆಯುತ್ತಿದ್ದೇನೆ. ಬರೆಯುತ್ತ ಕನ್ಸಾಸ್‌ಗೆ ಬಂದಾಗ ಹೊರಗೆ ಮಳೆ ಹಿಡಿದಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಮಳೆ ಇರಲಿಲ್ಲ. ಒಂಟಿಯಾಗಿದ್ದ ದಿನಗಳ ಮೇಲೆಲ್ಲ ನೆನಪು ತಾನಾಗಿ ಮಳೆ ಸುರಿಸುತ್ತದೆ, ನಂಬಬಾರದು.

ಇದ್ದದ್ದು ಎದುರು ಮನೆಯ ಅಕ್ಕ. ಸೀರೆ ನೇಯುವವರು. ಮಧ್ಯಾಹ್ನ ನನಗೆ ರೊಟ್ಟಿ ಕೊಟ್ಟುಹೋಗುತ್ತಿದ್ದರು. ಈ ಓಣಿಯಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಇಲ್ಲಿ ಕೆಲಸ ಕಡಿಮೆಯಾಗಿ, ಅಮಾವಾಸ್ಯೆ ಕಳೆದ ಮೇಲೆ ಗದ್ವಾಲಿನ ತಂಗಿಯ ಮನೆಗೆ ಹೊರಟಿದ್ದರು. ಅಲ್ಲೊಂದು ಮಗ್ಗ ಖಾಲಿ ಇತ್ತು. ಅಲ್ಲಿಯತನಕ ಬಾಗಿಲಲ್ಲಿ ಇನ್ನಷ್ಟು ಹೊತ್ತು ನಿಲ್ಲಲಿ ಎಂದು, ಪುಸ್ತಕದಿಂದ ದಿನಕ್ಕೊಂದು ಸಂಗತಿ ಅವರಿಗೆ ಎತ್ತಿಡುತ್ತಿದ್ದೆ.

"ಅಕ್ಕಾ, ಅಮೆರಿಕದಾಗ ಎಲ್ಲಕ್ಕಿಂತ ಹೆಚ್ಚು ಜೋಳ ಬೆಳಿಯೋದು ಕನ್ಸಾಸಿನಾಗ."

"ಮೆಕ್ಕಿಜೋಳ ಇರಬೇಕು ನೋಡ್ರಿ. ಬೆಂಗಳೂರವ್ರು ಅದಕ್ಕೂ ಜೋಳ ಅಂತಾರ."

"ಅಲ್ಲಕ್ಕಾ, ನಮ್ಮ ರೊಟ್ಟಿ ಜೋಳ."

ಹೊಸ್ತಿಲ ಮೇಲೆ ಕೂತೇಬಿಟ್ಟರು. "ಹಂಗಾರ ರೊಟ್ಟಿ ಬಡೀತಾರೇನ್ರಿ ಆ ಹೆಣ್ಮಕ್ಳು?"

"ಎಲ್ಲೀದು. ದನಕ್ಕ ಹಾಕ್ತಾರ. ಗಾಡಿಗೆ ಎಣ್ಣಿ ಮಾಡ್ತಾರ."

"ಅಯ್ಯ! ಕಾಳು ದನಕ್ಕ ಹಾಕಿ, ಮನುಷ್ಯಾರು ದಂಟು ಕಣಿಕಿ ತಿಂತಾರೇನು?"

ಮರುದಿನ, ಗುಲಾಮರನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ಅಲ್ಲಿನ ಜನ ಬಡಿದಾಡಿ ರಕ್ತ ಹರಿಸಿದ್ದು, ಕೊನೆಗೆ ಗುಲಾಮರಿಲ್ಲದ ರಾಜ್ಯವಾಗಿ ದೇಶಕ್ಕೆ ಸೇರಿದ್ದು ಹೇಳಿದೆ. ನಿಂತೇ ಕೇಳಿಸಿಕೊಂಡರು. ಗೋಧಿ, ಧೂಳಿನ ಬಿರುಗಾಳಿ, ವಿಮಾನ ಕಟ್ಟುವ ಕಾರ್ಖಾನೆ ಯಾವುದೂ ಅವರನ್ನು ಕೂರಿಸಲಿಲ್ಲ. ಕನ್ಸಾಸ್ ಸಿಟಿ ಎಂಬ ಊರಿನ ದೊಡ್ಡ ಪಾಲು ಗಡಿಯಾಚೆಯ ಮಿಸ್ಸೂರಿ ರಾಜ್ಯದಲ್ಲಿದೆ ಎಂದಾಗ ಮಾತ್ರ ನಕ್ಕರು.

"ನಮ್ಮ ಮಕ್ತಲ್ ಕಡಿ ಮಂದಿ ಹಂಗ ಐತಿ ಬಿಡ್ರಿ. ಮಾತು ರಾಯಚೂರಿಂದು, ರೇಷನ್ ತೆಲಂಗಾಣದ್ದು."

ಹೊರಡುವ ದಿನ ಬಸ್ಸಿನ ಕಿಟಕಿಯಿಂದ ಕೇಳಿದರು: "ಆ ಜೋಳ ಬಿಳೇದೋ, ಕೆಂಪೋ? ನೋಡಿ ಹೇಳ್ರಿ. ಮರೀಬ್ಯಾಡ್ರಿ ಮತ್ತ." ಕೈ ಬೀಸಿದರು ಎಂದು ಬರೆದು ಹೊಡೆದುಹಾಕಿದ್ದೇನೆ. ಮಡಿಲಲ್ಲಿ ಗಂಟಿತ್ತು, ಎರಡೂ ಕೈ ಅದರ ಮೇಲಿದ್ದವು.

ಹುಡುಕಿದೆ. ಹೆಚ್ಚಿನದು ಕೆಂಪು. ಗದ್ವಾಲಿಗೆ ಫೋನ್ ಮಾಡಿದರೆ ತಂಗಿಯ ಸೊಸೆ ಎತ್ತಿದಳು. ದೊಡ್ಡಮ್ಮ ಮಗ್ಗಕ್ಕೆ ಕೂತಿದ್ದಾರೆ, ಏನು ಹೇಳಬೇಕು ಎಂದು ತೆಲುಗಿನಲ್ಲಿ ಕೇಳಿದಳು. ನನಗೂ ತೆಲುಗು ಬರುತ್ತದೆ. "ಎರ್ರ ಜೊನ್ನಲು" ಎಂದಿದ್ದರೆ ಸಾಕು, ಕೆಂಪುಜೋಳ ಅಕ್ಕನಿಗೆ ತಲುಪುತ್ತಿತ್ತು. ಆದರೆ ಅಕ್ಕ ಕೇಳಿದ್ದು ಕನ್ನಡದಲ್ಲಿ.

"ಏಮೀ ಲೇದಮ್ಮಾ," ಏನೂ ಇಲ್ಲ ಎಂದು ಇಟ್ಟುಬಿಟ್ಟೆ.

ಪುಸ್ತಕದಲ್ಲಿ ಮುಂದಿನ ರಾಜ್ಯ ಕೆಂಟಕಿ. ಅಲ್ಲಿ ಏನು ಬೆಳೆಯುತ್ತಾರೆಂದು ಇನ್ನೂ ನೋಡಿಲ್ಲ.