ಹುಳಿ ಕೇಳಿದ ದನಿ

ನಮ್ಮಮ್ಮ ಮೀನಿನ ಬುಟ್ಟಿ ಹೊತ್ತು ಬೀಜಾಡಿಯಿಂದ ಹೊರಟರೆ ಅವಳಿಗಿಂತ ಮೊದಲು ಅವಳ ದನಿ ಕೋಟೇಶ್ವರ ಮುಟ್ಟುತ್ತದೆ ಎಂದು ಊರವರು ತಮಾಷೆ ಮಾಡುತ್ತಿದ್ದರು. ಕ್ಯಾನ್ಸರ್ ಬಂದದ್ದು ಆ ಗಂಟಲಿಗೇ. ದೇವರಿಗೆ ಬೇರೆ ಜಾಗ ಕಾಣಲಿಲ್ಲವೇ ಎಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೈದಿದ್ದೇನೆ, ಈಗಲೂ ಬೈಯುತ್ತೇನೆ. ಧ್ವನಿಪೆಟ್ಟಿಗೆ ತೆಗೆಯಲೇಬೇಕು, ಮುಂದೆ ಉಸಿರೆಲ್ಲ ಕುತ್ತಿಗೆಯ ತೂತಿನಿಂದ, ಮಾತು ಇರುವುದಿಲ್ಲ ಎಂದರು ಡಾಕ್ಟರು.

ಆಪರೇಶನ್ನಿಗೆ ಹೊರಡುವ ಬೆಳಿಗ್ಗೆ ನಾನು ಮೊಬೈಲು ಹಿಡಿದು ಅಡುಗೆಮನೆಯಲ್ಲಿ ನಿಂತೆ. ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಏನಾದರೂ ಹೇಳು ಎಂದೆ.

"ಎಂತ ಹೇಳುದ್ ಮಾರಾಯ್ತಿ? ನಂಗ್ ಕೆಲ್ಸ ಇತ್ತ್," ಎಂದು ಗದರಿದಳು. ಆಮೇಲೆ ಕಿಟಕಿಯಿಂದ ಪಕ್ಕದ ಮನೆಯವಳನ್ನು ಕೂಗಿದಳು: "ಹ್ವಾಯ್ ಹೆಣ್ಣೆ, ಒಂಚೂರ್ ಹುಳಿ ಇತ್ತಾ? ಸಾರಿಗೆ ಹಾಕುಕೆ ಇಲ್ಲೆ!"

ಅಷ್ಟೇ. ನಾಲ್ಕು ಒಳ್ಳೆಯ ಮಾತು ಆಡುತ್ತಾಳೆಂದು ಕಾದಿದ್ದ ನನಗೆ ಸಿಟ್ಟೇ ಬಂದಿತ್ತು. ಆದರೂ ಅದನ್ನು ನನ್ನ ಹಳೆಯ ಲ್ಯಾಪ್‌ಟಾಪಿಗೆ ಹಾಕಿಟ್ಟೆ. ಮುಂದೆ ಮೊಬೈಲು ಬಾವಿಗೆ ಬಿದ್ದು ಹೋಯಿತು, ಅಮ್ಮನ ದನಿ ಉಳಿದದ್ದು ಲ್ಯಾಪ್‌ಟಾಪಿನಲ್ಲಿ ಮಾತ್ರ.

ಆಪರೇಶನ್ ಮುಗಿಸಿ ಮನೆಗೆ ಬಂದ ಅಮ್ಮ ಪಕ್ಕದವಳನ್ನು ಕರೆಯಲು ಸ್ಟೀಲಿನ ಬಟ್ಟಲು ಬಡಿಯತೊಡಗಿದಳು. ಆ ಸದ್ದು ಕೇಳಿದಾಗೆಲ್ಲ ನಾನು ಎದ್ದು ಅಂಗಳಕ್ಕೆ ಹೋಗುತ್ತಿದ್ದೆ. ರೆಕಾರ್ಡಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮಲ್ಲಿ ಉಪ್ಪುಗಾಳಿ ಬಾಗಿಲಿನ ಚಿಲಕವನ್ನೇ ತಿನ್ನುತ್ತದೆ, ಲ್ಯಾಪ್‌ಟಾಪನ್ನು ಬಿಟ್ಟೀತೇ? ಅದರ ಗಡಿಯಾರ ದಿನಾ ತಪ್ಪು ಹೊತ್ತು ತೋರಿಸುತ್ತಿತ್ತು. ಕುಂದಾಪುರದ ಅಂಗಡಿಗೆ ಒಯ್ದೆ. ಒಳಗಿನ ಬಟನ್‌ ಬ್ಯಾಟರಿ ತುಕ್ಕು ಹಿಡಿದಿದೆ ಎಂದು ಬೇರೆ ಹಾಕಿಕೊಟ್ಟರು. ಅವತ್ತೇ ಸಂಜೆ ಅಮ್ಮ ಮೊದಲ ಸಲ ತನ್ನ ಗಂಟಲು ಮುಟ್ಟಿಕೊಂಡು, ಆಮೇಲೆ ಲ್ಯಾಪ್‌ಟಾಪು ತೋರಿಸಿದಳು. ಅವಳಿಗೆ ಅವಳ ದನಿ ಬೇಕಾಗಿತ್ತು. ಆನ್ ಮಾಡಿದೆ. ನೀಲಿ ಪರದೆ ಬಂತು, ಆರಿತು, ಮತ್ತೆ ಅದೇ ನೀಲಿ. ಅಮ್ಮ ಸ್ವಲ್ಪ ಹೊತ್ತು ನೋಡಿ ಎದ್ದು ಹೋದಳು.

ಮರುದಿನ ಅಂಗಡಿಯವನು ತೆರೆದೂ ನೋಡದೆ ಹೇಳಿದ: "ಡಿಸ್ಕ್ ಹೋಯ್ತ್ ಕಾಣಿ. ಹೊಸ್ತ್ ಹಾಕ್ಕ್. ಒಳ್ಗಿದ್ದದ್ ಸಿಕ್ಕುದಿಲ್ಲ." ನನ್ನ ಮೈಯೆಲ್ಲ ಉರಿಯಿತು. ಕಸಿದುಕೊಂಡು ಬಂದೆ.

ಬಸ್ಸಿನಲ್ಲಿ ಕೂತು ಹೊಸ ಮೊಬೈಲಿನಲ್ಲಿ ಹುಡುಕಿದೆ. ಹಾರ್ಡ್‌ಡಿಸ್ಕಿನ ಜೊತೆ ವ್ಯವಹರಿಸಲು ಯಂತ್ರಕ್ಕೆ ಎರಡು ಮೋಡ್ ಇವೆಯಂತೆ, ಹಳೆಯದು ಐಡಿಇ, ಹೊಸದು ಎಎಚ್‌ಸಿಐ. ವಿಂಡೋಸ್ ಹಾಕುವಾಗ ಯಾವುದು ಇತ್ತೋ ಅದಕ್ಕೇ ಅದು ಒಗ್ಗಿಕೊಳ್ಳುತ್ತದೆ. ನನ್ನದನ್ನು ಹಳೆಯದರಲ್ಲಿ ಹಾಕಿದ್ದರು. ಬ್ಯಾಟರಿ ತೆಗೆದಾಗ ಸೆಟ್ಟಿಂಗ್ ಎಲ್ಲ ಅಳಿಸಿ ತಾನಾಗಿ ಹೊಸದಕ್ಕೆ ಹೋಗಿತ್ತು. ಡಿಸ್ಕಿಗೆ ಏನೂ ಆಗಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಆ ವಿಂಡೋಸು ಎದುರಿಗಿದ್ದ ಡಿಸ್ಕನ್ನೇ ಕಾಣದೆ ಒದ್ದಾಡುತ್ತಿತ್ತು.

ಹೊಸ ಮೋಡ್ ಬೇಕೆಂದರೂ ಆಗುತ್ತದಂತೆ, ಆದರೆ ವಿಂಡೋಸನ್ನು ಮೊದಲೇ ಅದಕ್ಕೆ ತಯಾರು ಮಾಡಿ ಆಮೇಲೆ ಬದಲಾಯಿಸಬೇಕು. ಅದನ್ನು ಓದಿ ನನಗೆ ಬಸ್ಸಿನಲ್ಲೇ ಅಳು ಬಂತು. ಒಂದು ಯಂತ್ರಕ್ಕೆ ಇಷ್ಟು ಉಪಚಾರ. ಅಮ್ಮನನ್ನು ಯಾರು ತಯಾರು ಮಾಡಿದ್ದರು? ಮಲಗಿಸಿದರು, ಎದ್ದಾಗ ಉಸಿರಿನ ದಾರಿಯೇ ಬೇರೆ.

ಮನೆಗೆ ಬಂದು ಸೆಟ್ಟಿಂಗಿನ ಪರದೆ ತೆರೆದು ಮೋಡನ್ನು ಹಳೆಯದಕ್ಕೇ ತಿರುಗಿಸಿ ಆನ್ ಮಾಡಿದೆ. ಈ ಸಲ ನೀಲಿ ಪರದೆ ಬರಲಿಲ್ಲ. ಮೊದಲು ಆ ರೆಕಾರ್ಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆ. ಆಮೇಲೆ ಅಮ್ಮನನ್ನು ಪಕ್ಕ ಕೂರಿಸಿಕೊಂಡೆ. ಅವಳ ಕಿವಿಯೂ ಈಗ ಮಂದ, ಅದಕ್ಕೆ ಜೋರಾಗಿ ಇಟ್ಟೆ.

"ಎಂತ ಹೇಳುದ್ ಮಾರಾಯ್ತಿ?"

ಅಮ್ಮ ಬೆಚ್ಚಿದಳು. ಮತ್ತೆ ಅವಳ ತುಟಿ ಆ ದನಿಯ ಜೊತೆಜೊತೆಗೇ ಆಡತೊಡಗಿತು. ಹ್ವಾಯ್ ಹೆಣ್ಣೆ, ಒಂಚೂರ್ ಹುಳಿ ಇತ್ತಾ? ಮುಗಿದದ್ದೇ ಇನ್ನೊಮ್ಮೆ ಎಂದು ಬೆರಳು ತೋರಿಸಿದಳು. ಇನ್ನೊಮ್ಮೆ ಹಾಕಿದೆ.

ಹಿತ್ತಿಲಿನಲ್ಲಿ ಯಾರೋ ಓಡಿ ಬಂದ ಸದ್ದಾಯಿತು. ಪಕ್ಕದ ಮನೆಯವಳು. ಕೂದಲು ಕೆದರಿತ್ತು, ಬರಿಗಾಲು, ಮುಷ್ಟಿಯಲ್ಲಿ ಹುಣಸೆಹುಳಿ. ಬಾಗಿಲಲ್ಲೇ ಏದುಸಿರು ಬಿಡುತ್ತಾ, "ಅಕ್ಕಾ, ಮಾತ್ ಬಂತಾ? ನಿಮ್ಗ್ ಮಾತ್ ಬಂತಾ?" ಎಂದಳು. ಅವಳ ಮುಖ ತುಂಬ ನಗು.

ಅಮ್ಮ ಇಲ್ಲವೆಂದು ನಿಧಾನವಾಗಿ ತಲೆ ಅಲ್ಲಾಡಿಸಿ ಲ್ಯಾಪ್‌ಟಾಪು ತೋರಿಸಿದಳು. ಪಕ್ಕದವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹೊಸ್ತಿಲ ಮೇಲೆ ಕುಸಿದು ಗೊಳೋ ಎಂದು ಅತ್ತಳು. ಅಮ್ಮ ಎದ್ದು ಹೋಗಿ ಅವಳ ಮುಷ್ಟಿ ಬಿಡಿಸಿ ಹುಳಿ ತೆಗೆದುಕೊಂಡಳು, ಅಲ್ಲೇ ಪಕ್ಕದಲ್ಲಿ ಕೂತಳು. ಅಮ್ಮನ ಬಾಯಿ ಅಗಲವಾಗಿ ತೆರೆಯಿತು, ಕಣ್ಣೀರು ಇಳಿಯಿತು, ಭುಜ ಕುಲುಕಿತು, ಕುತ್ತಿಗೆಯ ತೂತಿನಿಂದ ಬರೀ ಗಾಳಿ ಬಂತು. ಅವಳಿಗೆ ಇನ್ನು ಅಳುವುದಕ್ಕೂ ದನಿ ಇಲ್ಲ ಎಂಬುದು ನನಗೆ ಗೊತ್ತಾದದ್ದು ಆಗ.