ನಿಂಬೆಹುಲ್ಲಿನ ಎಣ್ಣೆಯ ಆಣೆ

ಎಂಬತ್ತರ ದಶಕ. ಗುಬ್ಬಿಯಲ್ಲಿ ನನ್ನ ಹೆಂಡತಿಯ ತಮ್ಮ ತನ್ನ ಬಟ್ಟಿಯಲ್ಲಿ ಇಳಿಸುತ್ತಿದ್ದ ನಿಂಬೆಹುಲ್ಲಿನ ಎಣ್ಣೆಯನ್ನು ನಾನು ಸೋಪಿನ ಕಾರ್ಖಾನೆಗೆ ಮಾರುತ್ತಿದ್ದೆ. ಅನುಮಾನ ಬಂದು ಸ್ವಲ್ಪ ಎಣ್ಣೆಯನ್ನು, ಏನೇನು ಬೆರೆತಿದೆ ಎಂದು ತೋರಿಸುವ ಬೆಂಗಳೂರಿನ ಎನ್‌ಎಂಆರ್ ಯಂತ್ರದಲ್ಲಿ ನೋಡಿಸಿದೆ. ಅದರ ಅಯಸ್ಕಾಂತದೊಳಗೆ ಪ್ರತಿ ಹೈಡ್ರೋಜನ್ ಪರಮಾಣುವೂ ತನ್ನ ನೆರೆಹೊರೆಯ ಪರಮಾಣುಗಳಿಗೆ ತಕ್ಕ ಜಾಗದಲ್ಲಿ ಹಾಳೆಯ ಮೇಲೆ ಗೆರೆ ಎಬ್ಬಿಸುತ್ತದೆ. ನಮ್ಮ ಹಾಳೆಯಲ್ಲಿ ಕೊಬ್ಬರಿ ಎಣ್ಣೆಯ ಗೆರೆ ದಿಬ್ಬದಂತೆ ಎದ್ದಿತ್ತು.

ಹಾಳೆಯನ್ನು ಜೇಬಿನಲ್ಲಿಟ್ಟುಕೊಂಡು ಗುಬ್ಬಿಗೆ ಹೋದೆ.

"ಏನ್ಲಾ, ಕೊಬ್ರಿ ಎಣ್ಣೆ ಬೆರೆಸ್ದ್ಯಾ?"

"ದುರ್ಗದ ನರಸಿಂಹನಾಣೆ, ಇಲ್ಲ ಭಾವ," ಎಂದವನು ದೇವರ ಪಟದ ಮುಂದೆ ಕರ್ಪೂರ ಹಚ್ಚಿ, ಆಣೆಗೆ ಸಾಕ್ಷಿಯಾಗಿ ಅದನ್ನು ಅಂಗೈಯಿಂದಲೇ ಆರಿಸಿದ.

ಆಮೇಲೆ ಹಾಳೆ ಬಿಚ್ಚಿದೆ.

"ಕಾರ್ಖಾನೆಗೆ ಹೇಳ್ಬ್ಯಾಡಿ ಭಾವ, ಬಟ್ಟಿ ಮುಚ್ಚೋಯ್ತದೆ."

ಹೇಳಲಿಲ್ಲ. ಅದಕ್ಕೆ ಬದಲಾಗಿ ಬಟ್ಟಿಯನ್ನು ನನ್ನ ಹೆಸರಿಗೆ ಬರೆಸಿಕೊಂಡೆ. ಬೊಬ್ಬೆಯೆದ್ದ ಕೈಯಲ್ಲೇ ಸಹಿ ಹಾಕಿದ. ಅಲ್ಲೇ ಕೂಲಿಗೆ ನಿಂತ.

ವ್ಯಾಪಾರಕ್ಕೆ ಇಳಿಯುವವರು ಕೇಳಿ: ಪುರಾವೆಯನ್ನು ಮೊದಲೇ ತೋರಿಸಬೇಡಿ. ಎದುರಿನವನು ಆಣೆ ಹಾಕಲಿ.